ಇತಿಹಾಸಕ್ಕೊಂದು ಗುರಿ ಇದೆಯಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ಕೆಎಎಸ್ ಪರೀಕ್ಷೆಗೂ ಓದುತ್ತಿದ್ದೇನೆ. ಕೋಚಿಂಗ್ ಕ್ಲಾಸಿನಲ್ಲಿ "ಮನುಷ್ಯನ ಇತಿಹಾಸ ಅಂದರೆ ಪ್ರಗತಿಯ ಇತಿಹಾಸ" ಎಂದು ನೋಟ್ಸ್ ಬರೆಸಿದರು. ಕಾಡಿನಿಂದ ಊರಿಗೆ, ಊರಿನಿಂದ ನಗರಕ್ಕೆ, ರಾಜರಿಂದ ಪ್ರಜಾಪ್ರಭುತ್ವಕ್ಕೆ ನಾವು ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದಿದ್ದೇವಂತೆ. ಮನೆಗೆ ಬಂದರೆ ಅಜ್ಜ "ಇದು ಕಲಿಗಾಲ ತಾಯಿ, ಇನ್ನೂ ಕೆಡುತ್ತದೆ" ಅನ್ನುತ್ತಾರೆ. ತಮ್ಮನದು ಇನ್ನೊಂದು ಮಾತು: ಎರಡೂ ಸುಳ್ಳು, ಯಾವುದಕ್ಕೂ ಅರ್ಥ ಇಲ್ಲ. ಹೋದ ವರ್ಷ ನನ್ನ ಕ್ಲಾಸಿನ ಒಬ್ಬ ಹುಡುಗಿಯ ಮದುವೆ ತಪ್ಪಿಸಲು ತುಂಬಾ ಓಡಾಡಿದೆ. ತಪ್ಪಿತು, ಅವಳು ಎಸ್ಸೆಸ್ಸೆಲ್ಸಿ ಬರೆದಳು. ಈ ವರ್ಷ ಇನ್ನೊಬ್ಬಳು ಜೂನ್‌ನಿಂದ ಶಾಲೆಗೇ ಬಂದಿಲ್ಲ. ಇತಿಹಾಸ ನಿಜವಾಗಿ ಒಂದು ಗುರಿಯ ಕಡೆ ಹೋಗುತ್ತಿದೆಯಾ? ಇಲ್ಲ ಅಂದರೆ ಇಷ್ಟೆಲ್ಲ ಯಾಕೆ ಮಾಡಬೇಕು? ಪರೀಕ್ಷೆಯಲ್ಲಿ ಇಂಥ ಪ್ರಬಂಧ ಬಂದರೆ ಏನು ಬರೆಯಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಇತಿಹಾಸಕ್ಕೆ ಗುರಿ ಇಲ್ಲ. ಇತಿಹಾಸ ಪಾಠ ಮಾಡುವುದು, ಹಳೇ ವರದಿ, ಕಡತ ಓದುವುದು ನನ್ನ ವೃತ್ತಿ. ಅಂಥ ಗುರಿಯೊಂದರ ಸುಳಿವು ನನಗೆ ಅಲ್ಲೆಲ್ಲೂ ಸಿಕ್ಕಿಲ್ಲ. ಆದರೆ ಸುಧಾರಣೆ ಇದೆ. ಅದು ನಿಜ, ಲೆಕ್ಕ ಹಾಕಿ ತೋರಿಸಬಹುದಾದಷ್ಟು ನಿಜ. ಗುರಿ ಮತ್ತು ಸುಧಾರಣೆ ಎರಡನ್ನೂ ಒಂದೇ ಅಂದುಕೊಂಡಾಗ ಗೊಂದಲ ಶುರುವಾಗುತ್ತದೆ. ನಿಮ್ಮ ಕೋಚಿಂಗ್ ಮೇಷ್ಟ್ರು ಸುಧಾರಣೆ ನೋಡಿ ಗುರಿ ಇದೆ ಅಂದುಬಿಟ್ಟರು. ನಿಮ್ಮ ತಮ್ಮ ಗುರಿ ಇಲ್ಲ ಅನ್ನುವುದನ್ನು ಸರಿಯಾಗಿ ಹಿಡಿದು, ಹಾಗಾದರೆ ಸುಧಾರಣೆಯೂ ಇಲ್ಲ ಅಂದುಬಿಟ್ಟ.

ನಿಮ್ಮ ಪ್ರಶ್ನೆಯೊಳಗೆ ಒಂದು ಭಯ ಇದೆ, ಅದು ನನಗೆ ಅರ್ಥವಾಗುತ್ತದೆ. ನಾನು ಒಬ್ಬ ಹುಡುಗಿಗಾಗಿ ಓಡಾಡಿದ್ದು ಯಾವುದೋ ದೊಡ್ಡದರ ಭಾಗವಾಗಿದ್ದರೆ ಮಾತ್ರ ಅದಕ್ಕೆ ಬೆಲೆ, ಇಲ್ಲದಿದ್ದರೆ ವ್ಯರ್ಥ, ಅನ್ನುವ ಭಯ. ಅದಕ್ಕೆ ಕೊನೆಯ ಹೊತ್ತಿಗೆ ಬರುತ್ತೇನೆ. ಮೊದಲು ಅಜ್ಜನ ಮಾತು ನೋಡೋಣ.

ಕಲಿಗಾಲದ ಲೆಕ್ಕ ಹಳೆಯದು. ಪಂಚಾಂಗದ ಪ್ರಕಾರ ಕಲಿಯುಗಕ್ಕೆ 4,32,000 ವರ್ಷ. ಅದು ಶುರುವಾದದ್ದು ಕ್ರಿಸ್ತಪೂರ್ವ 3102ರಲ್ಲಿ. ಅಂದರೆ ಈಗ ಸುಮಾರು 5,100 ವರ್ಷ ಮಾತ್ರ ಕಳೆದಿದೆ. ಐಹೊಳೆಯ ಮೇಗುತಿ ಗುಡಿಯ ಶಾಸನ ನೀವು ಪರೀಕ್ಷೆಗೆ ಓದಿರುತ್ತೀರಿ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಕ್ರಿಸ್ತಶಕ 634ರಲ್ಲಿ ರವಿಕೀರ್ತಿ ಬರೆದದ್ದು. ಅದರಲ್ಲಿ ಶಕವರ್ಷ 556ರ ಜೊತೆಗೆ ಭಾರತಯುದ್ಧ ಮುಗಿದು 3,735 ವರ್ಷ ಆಯಿತು ಅನ್ನುವ ಕಲಿಯುಗದ ಲೆಕ್ಕವೂ ಇದೆ. ಕಲಿಯುಗದ ನಡುವೆ ಇದ್ದೇವೆ ಎಂದು ಗೊತ್ತಿದ್ದೂ ರವಿಕೀರ್ತಿ ತನ್ನ ರಾಜನನ್ನು ಬಾಯಿತುಂಬಾ ಹೊಗಳಿದ, ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡ. ಯುಗದ ಲೆಕ್ಕ ಅವನ ಕೈ ಕಟ್ಟಿಹಾಕಲಿಲ್ಲ. ಈ ಶಾಸನ ಓದುವಾಗಲೆಲ್ಲ ಆ ಉತ್ಸಾಹ ನನಗೆ ಖುಷಿ ಕೊಡುತ್ತದೆ.

ಅಜ್ಜ ಹೇಳುವುದರಲ್ಲಿ ನಿಜವೂ ಇದೆ, ಅದನ್ನು ತಳ್ಳಿಹಾಕಬೇಡಿ. ಅವರು ಕಂಡ ಕೆರೆ ಈಗ ಲೇಔಟ್ ಆಗಿರಬಹುದು, ಊರಲ್ಲಿ ಒಬ್ಬರಿಗೊಬ್ಬರು ಆಗುತ್ತಿದ್ದುದು ಕಡಿಮೆಯಾಗಿರಬಹುದು. ಅವರು ಕಳೆದುಕೊಂಡದ್ದನ್ನು ಹೇಳುತ್ತಿದ್ದಾರೆ. ಆದರೆ ಕಳೆದುಕೊಂಡದ್ದು ಕಣ್ಣಿಗೆ ಕಾಣುವಷ್ಟು ತಪ್ಪಿಹೋದ ಕೇಡು ಕಾಣುವುದಿಲ್ಲ. ಸಿಡುಬು ಇಲ್ಲ ಅನ್ನುವುದನ್ನು ಯಾರು ದಿನಾ ನೆನೆಯುತ್ತಾರೆ ಹೇಳಿ? ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಅಂಟಿದ ಕೊನೆಯ ಪ್ರಕರಣ. 1980ರಲ್ಲಿ ಇಡೀ ಜಗತ್ತಿನಿಂದ ಅದು ಹೋಯಿತು ಎಂದು ಘೋಷಿಸಿದರು. ಅಜ್ಜನ ವಯಸ್ಸಿನವರ ಮುಖದ ಮೇಲೆ ಅದರ ಕಲೆ ಇನ್ನೂ ಕಾಣಬಹುದು. ನಿಮ್ಮ ಕ್ಲಾಸಿನ ಒಂದು ಮಗುವಿನ ಮುಖದಲ್ಲೂ ಇಲ್ಲ. 1800ರ ಹೊತ್ತಿಗೆ ಜಗತ್ತಿನಲ್ಲಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು ನಾಲ್ಕು ಮಕ್ಕಳು ಐದನೇ ಹುಟ್ಟುಹಬ್ಬಕ್ಕೆ ಮೊದಲೇ ಸಾಯುತ್ತಿದ್ದವು. ಈಗ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಲ್ಲಾ ಕೆಡುತ್ತಲೇ ಬಂದಿದೆ ಅನ್ನುವ ಮಾತು ಇದರ ಎದುರು ನಿಲ್ಲುವುದಿಲ್ಲ.

ಈಗ ಕೋಚಿಂಗ್ ನೋಟ್ಸಿನ ಮಾತು. ಇದು ತೀರಾ ಹಳೆಯದೂ ಅಲ್ಲ, ಎಲ್ಲಾ ಕಡೆ ಇದ್ದದ್ದೂ ಅಲ್ಲ. ಯೂರೋಪಿನ ಕ್ರೈಸ್ತರಲ್ಲಿ ಕಾಲಕ್ಕೊಂದು ಆರಂಭ, ಒಂದು ಅಂತ್ಯ, ಕೊನೆಯಲ್ಲಿ ದೇವರ ತೀರ್ಪು ಅನ್ನುವ ನಂಬಿಕೆ ಮೊದಲೇ ಇತ್ತು. ಹದಿನೆಂಟನೇ ಶತಮಾನದಲ್ಲಿ ವಿಚಾರವಂತರು ತೀರ್ಪಿನ ಜಾಗದಲ್ಲಿ ಜ್ಞಾನ, ಸ್ವಾತಂತ್ರ್ಯ ಇಟ್ಟರು. ಆದರೆ ಎಲ್ಲಾ ಒಂದೇ ಕೊನೆಯ ಕಡೆ ಹೋಗುತ್ತಿದೆ ಅನ್ನುವ ಗೆರೆ ಹಾಗೇ ಉಳಿಯಿತು. ಫ್ರಾನ್ಸಿನ ಕೊಂಡೊರ್ಸೆ ಅನ್ನುವ ಚಿಂತಕರು ಮನುಷ್ಯನ ಸುಧಾರಣೆಗೆ ಮಿತಿಯೇ ಇಲ್ಲ ಎಂದು ಬರೆದದ್ದು ಕ್ರಾಂತಿ ಸರ್ಕಾರದ ಬಂಧನ ಆದೇಶಕ್ಕೆ ಸಿಗದೆ ಪ್ಯಾರಿಸಿನ ಒಂದು ಮನೆಯಲ್ಲಿ ಅಡಗಿ ಕೂತಿದ್ದಾಗ. 1794ರ ಮಾರ್ಚಿನಲ್ಲಿ ಸಿಕ್ಕಿಬಿದ್ದರು, ಸೆರೆಯಲ್ಲೇ ತೀರಿಕೊಂಡರು. ಅವರು ಗುಲಾಮಗಿರಿಯನ್ನು ಗಟ್ಟಿಯಾಗಿ ವಿರೋಧಿಸಿದ್ದವರು. ಫ್ರಾನ್ಸ್ 1794ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಮತ್ತೆ ಹೋಗಲು 1848 ಬರಬೇಕಾಯಿತು. ನಡುವಿನ ಈ 46 ವರ್ಷದಲ್ಲಿ ಗುಲಾಮರಾಗಿ ಹುಟ್ಟಿ ಗುಲಾಮರಾಗೇ ಸತ್ತವರಿಗೆ ಇತಿಹಾಸ ಯಾವ ಕಡೆ ಹೋಗುತ್ತಿತ್ತು ಅನ್ನೋಣ?

ಆಮೇಲೆ ಇದೇ ಗೆರೆ ಹಿಡಿದು ಜರ್ಮನಿಯ ತತ್ವಜ್ಞಾನಿಗಳಾದ ಹೆಗೆಲ್ ಬಂದರು, ಮಾರ್ಕ್ಸ್ ಬಂದರು. 1989ರ ಹೊತ್ತಿಗೆ ಅಮೆರಿಕದ ಚಿಂತಕ ಫುಕುಯಾಮಾ ಉದಾರ ಪ್ರಜಾಪ್ರಭುತ್ವವೇ ಕೊನೆಯ ಮೆಟ್ಟಿಲು ಎಂದರು. ಗುರಿ ಬೇರೆ ಬೇರೆ, ಗೆರೆ ಮಾತ್ರ ಅದೇ. ಇವರನ್ನೆಲ್ಲ ಇಲ್ಲಿ ಬಿಡಿಸಿ ಹೇಳುತ್ತಾ ಕೂರುವುದಿಲ್ಲ, ಪುಸ್ತಕಗಳಲ್ಲಿ ಸಿಗುತ್ತದೆ. ಗುರಿ ಇದೆ ಅನ್ನುವ ಮಾತು ನಿಜವೋ ಅಲ್ಲವೋ ಎಂದು ನೋಡಲು ತತ್ವಶಾಸ್ತ್ರಕ್ಕಿಂತ ಒಳ್ಳೆಯ ದಾರಿ ಇದೆ. ಒಂದೇ ಒಂದು ವಿಷಯ ಹಿಡಿದು ಹಿಂದಿನಿಂದ ಇಲ್ಲಿಯವರೆಗೆ ನೋಡಬೇಕು. ನಾನು ಬರ ಹಿಡಿಯುತ್ತೇನೆ, ಯಾಕೆಂದರೆ ಅದು ನಮ್ಮದೇ ನೆಲದ್ದು.

1876ರಿಂದ 78ರವರೆಗಿನ ಬರಕ್ಕೆ ನಮ್ಮ ಕಡೆ ಧಾತು ಈಶ್ವರ ಬರ ಎಂದು ಹೆಸರು. ಧಾತು ಸಂವತ್ಸರ, ಅದರ ಹಿಂದೆಯೇ ಈಶ್ವರ ಸಂವತ್ಸರ. 1875ರಲ್ಲೇ ಮಳೆ ಕೈಕೊಟ್ಟಿತ್ತು. 1876ರಲ್ಲಿ ಪೂರ್ತಿ ಹೋಯಿತು. ಹಳೇ ಮೈಸೂರಿನ ಕಡೆ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು. ಮೇಲಿಂದ ಮೇಲೆ ಮಳೆ ಹೋದಾಗ ಅದೂ ಬರಿದಾಯಿತು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷ ಕಡಿಮೆಯಾಯಿತು. ನಿಮ್ಮ ಹಾವೇರಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯೂ ತತ್ತರಿಸಿತು, ಕಲಾದಗಿ, ಬಳ್ಳಾರಿಯೂ ತತ್ತರಿಸಿದವು. ಇಡೀ ದೇಶದಲ್ಲಿ ಸತ್ತವರು 55 ಲಕ್ಷದಿಂದ 80 ಲಕ್ಷಕ್ಕೂ ಮೇಲೆ ಎಂದು ಬೇರೆ ಬೇರೆ ಅಂದಾಜುಗಳಿವೆ.

ಇದು ಹಿಂದುಳಿದ ಕಾಲದಲ್ಲಿ ಆದದ್ದು ಅಂದುಕೊಳ್ಳಬೇಡಿ. ಆಗಿನ ಲೆಕ್ಕದಲ್ಲಿ ಅದು ಪ್ರಗತಿಯ ಕಾಲ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ತಂತಿ ಇತ್ತು. ಎಲ್ಲಿ ಎಷ್ಟು ಮಳೆ, ಎಲ್ಲಿ ಎಷ್ಟು ಬೆಲೆ ಎಂದು ಕಲ್ಕತ್ತಾಕ್ಕೆ ಗಂಟೆಗಳಲ್ಲಿ ಗೊತ್ತಾಗುತ್ತಿತ್ತು. ರೈಲಿನಲ್ಲಿ ಹೊರಗಿಂದ ಧಾನ್ಯ ಬಂತು ಕೂಡ. ಕೂಲಿಯವರ ಹತ್ತಿರ ಅದನ್ನು ಕೊಳ್ಳಲು ಕಾಸಿರಲಿಲ್ಲ ಅಷ್ಟೇ. ಬೆಲೆಯ ವಿಷಯದಲ್ಲಿ ಸರ್ಕಾರ ಕೈಹಾಕಬಾರದು ಅನ್ನುವುದು ವೈಸ್‌ರಾಯ್ ಲಿಟ್ಟನ್ನರ ಕಟ್ಟಪ್ಪಣೆ. ಭಾರತದಿಂದ ಹೊರದೇಶಕ್ಕೆ ಧಾನ್ಯ ರಫ್ತಾಗುವುದು ನಿಲ್ಲಲಿಲ್ಲ. 1877ರ ಜನವರಿ 1ರಂದು, ದಕ್ಷಿಣದಲ್ಲಿ ಜನ ಬೀದಿಯಲ್ಲಿ ಸಾಯುತ್ತಿದ್ದಾಗ, ದಿಲ್ಲಿಯಲ್ಲಿ ದೊಡ್ಡ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದರು.

ಇದರೊಳಗೆ ಒಬ್ಬ ಅಧಿಕಾರಿಯ ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ರಿಚರ್ಡ್ ಟೆಂಪಲ್. 1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇವರೇ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿದರು, ಧಾರಾಳವಾಗಿ ಪರಿಹಾರ ಕೊಟ್ಟರು. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಸಿಕ್ಕ ಬಹುಮಾನ ಏನು ಗೊತ್ತಾ? ದುಡ್ಡು ಪೋಲು ಮಾಡಿದರು ಎಂದು ಲಂಡನ್ನಿನಿಂದ ಕಲ್ಕತ್ತಾವರೆಗೆ ಬೈಗುಳ. ಮೂರೇ ವರ್ಷಕ್ಕೆ ಅದೇ ಟೆಂಪಲ್ಲರನ್ನು ದಕ್ಷಿಣದ ಬರ ನೋಡಲು ಕಳಿಸಿದರು. ಈ ಸಲ ಅವರು ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ನಿಗದಿ ಮಾಡಿದ ಕೂಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಮತ್ತು ಒಂದು ಆಣೆ. ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ಇಷ್ಟು. ಮದ್ರಾಸಿನ ಆರೋಗ್ಯ ಇಲಾಖೆಯ ಕಮಿಷನರ್ ಕಾರ್ನಿಷ್ ಇದು ಸಾಲದು, ಜನ ಸಾಯುತ್ತಾರೆ ಎಂದು ಲಿಖಿತವಾಗಿ ವಿರೋಧಿಸಿದರು. ಕೂಲಿ ಕೊಂಚ ಜಾಸ್ತಿಯಾಗುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದೇ. ಬರದಲ್ಲಿ ಜನರನ್ನು ಹೇಗೆ ಉಳಿಸಬೇಕು ಅನ್ನುವುದು 1874ರಲ್ಲಿ ಗೊತ್ತಿತ್ತು. ಬೇರೆ ಯಾರಿಗೋ ಅಲ್ಲ, ಅದೇ ಮನುಷ್ಯನಿಗೆ ಗೊತ್ತಿತ್ತು. 1877ರಲ್ಲಿ ಗೊತ್ತಿದ್ದೂ ಮಾಡಲಿಲ್ಲ. ಜ್ಞಾನ ಮುಂದೆ ಹೋಗಿತ್ತು, ರೈಲು ಮುಂದೆ ಹೋಗಿತ್ತು, ಸತ್ತವರ ಸಂಖ್ಯೆಯೂ ಜೊತೆಗೇ ಏರಿತು. ಹೀಗೆ ನಡೆಸಿದವರು ಕ್ರೂರಿಗಳಾಗಿದ್ದರು ಅಂದು ಮುಗಿಸಿಬಿಡಲೂ ಆಗುವುದಿಲ್ಲ. ಅವರಲ್ಲಿ ಹಲವರು ಪ್ರಗತಿಯನ್ನು ಮನಸಾರೆ ನಂಬಿದ್ದವರು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಮುಂದೆ ಎಲ್ಲರಿಗೂ ಒಳ್ಳೆಯದಾಗುತ್ತದೆ, ಈಗ ಆಗುವ ನೋವು ಆ ದಾರಿಯಲ್ಲಿ ತಪ್ಪದ್ದು ಎಂದು ನಂಬಿದ್ದರು. ಮಾರ್ಕ್ಸ್ ಕೂಡ 1853ರಲ್ಲಿ, ಇನ್ನೊಂದು ತುದಿಯಿಂದ, ಬ್ರಿಟಿಷರ ರೈಲು ಭಾರತದ ಜಾತಿಯ ಕಸುಬುಗಳ ಕಟ್ಟನ್ನು ಬಿಡಿಸುತ್ತದೆ, ಗೊತ್ತಿಲ್ಲದೆಯೇ ಅವರು ಇತಿಹಾಸದ ಕೆಲಸ ಮಾಡುತ್ತಿದ್ದಾರೆ ಎಂದು ಬರೆದಿದ್ದರು. 1881ರ ಹೊತ್ತಿಗೆ ಅವರೇ ಒಂದು ಪತ್ರದಲ್ಲಿ ಆ ರೈಲುಗಳು ಭಾರತೀಯರಿಗೆ ಉಪಯೋಗವಿಲ್ಲದವು ಎಂದರು. ಅದೇ ವರ್ಷ ರಷ್ಯಾದ ಕ್ರಾಂತಿಕಾರಿ ವೆರಾ ಜಾಸುಲಿಚ್‌ಗೆ ಬರೆದ ಉತ್ತರದಲ್ಲಿ, ತಾನು ಹೇಳಿದ ದಾರಿ ಪಶ್ಚಿಮ ಯೂರೋಪಿಗೆ ಮಾತ್ರ, ಎಲ್ಲರೂ ಅದೇ ಮೆಟ್ಟಿಲು ಹತ್ತಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿದರು. ಪಠ್ಯಪುಸ್ತಕದ ಮಾರ್ಕ್ಸ್‌ನಲ್ಲಿ ಈ ಮಾತು ಸಾಮಾನ್ಯವಾಗಿ ಇರುವುದಿಲ್ಲ. ನೀವು ನೆನಪಿಟ್ಟುಕೊಳ್ಳಿ.

ಇದನ್ನು ಬರೀ ಸಾಮ್ರಾಜ್ಯದ ಪಾಪ ಅಂದುಕೊಂಡರೆ ಅರ್ಧ ಮಾತ್ರ ನೋಡಿದ ಹಾಗೆ. 1958ರಲ್ಲಿ ಚೀನಾ ಸರ್ಕಾರ ಹದಿನೈದು ವರ್ಷದಲ್ಲಿ ಬ್ರಿಟನ್ನನ್ನು ಮೀರಿಸುತ್ತೇವೆ, ಒಂದೇ ನೆಗೆತಕ್ಕೆ ಸಮತಾವಾದಕ್ಕೆ ತಲುಪುತ್ತೇವೆ ಎಂದು ಹೊರಟಿತು. ಗುರಿ ದೊಡ್ಡದು, ಕೆಳಗಿನ ಅಧಿಕಾರಿಗಳಿಗೆ ಸತ್ಯ ಹೇಳಲು ಭಯ. ಹೊಲದಲ್ಲಿ ಇಲ್ಲದ ಬೆಳೆಯನ್ನು ಕಾಗದದ ಮೇಲೆ ಬೆಳೆದರು. ಆ ಲೆಕ್ಕಕ್ಕೆ ತಕ್ಕಂತೆ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿಕೊಂಡು ಹೋಯಿತು. 1959–61ರ ಆ ಬರದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕು ಕೋಟಿಗೂ ಮೇಲೆ ಎಂಬ ಅಂದಾಜುಗಳಿವೆ. ಅಲ್ಲೂ ಧಾನ್ಯದ ರಫ್ತು ನಡೆದೇ ಇತ್ತು. ಒಂದು ಕಡೆ ಮುಕ್ತ ಮಾರುಕಟ್ಟೆಯ ಗುರಿ, ಇನ್ನೊಂದು ಕಡೆ ಸಮಾನತೆಯ ಗುರಿ. ಎರಡು ಕಡೆಯೂ ಕಣ್ಣೆದುರು ಸಾಯುತ್ತಿದ್ದವನು ಮುಂದೆ ಬರಲಿರುವ ಒಳ್ಳೆಯ ದಿನಕ್ಕೆ ಕೊಟ್ಟ ಬೆಲೆ ಆಗಿಬಿಟ್ಟ. ಇತಿಹಾಸಕ್ಕೆ ಗುರಿ ಇದೆ ಅನ್ನುವ ನಂಬಿಕೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದು. ಅದು ಬರೀ ತಪ್ಪು ಅಂತಲ್ಲ, ಅಪಾಯ.

ಹಾಗಾದರೆ ಬರದ ಸಾವು ನಿಂತದ್ದು ಹೇಗೆ? ತಾನಾಗಿ ನಿಲ್ಲಲಿಲ್ಲ. ಧಾತು ಈಶ್ವರ ಬರ ಆದಮೇಲೆ ಒಂದು ಆಯೋಗ ಕೂತು 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಕ್ಷಾಮ ಸಂಹಿತೆಗಳು ಬಂದವು: ಯಾವ ಲಕ್ಷಣ ಕಂಡರೆ ಬರ ಎಂದು ಘೋಷಿಸಬೇಕು, ಎಷ್ಟು ಕೂಲಿ, ಯಾರಿಗೆ ಪುಕ್ಕಟೆ ಊಟ, ಎಲ್ಲಾ ಬರೆದಿಟ್ಟರು. ಒಳ್ಳೆಯ ಕೆಲಸ. ಅಷ್ಟಿದ್ದೂ 1896–97ರಲ್ಲಿ, 1899–1900ರಲ್ಲಿ ಮತ್ತೆ ಲಕ್ಷಾಂತರ ಜನ ಸತ್ತರು. 1943ರಲ್ಲಿ ಬಂಗಾಳದಲ್ಲಿ ಸುಮಾರು 20ರಿಂದ 30 ಲಕ್ಷ ಜನ ಹೋದರು. ಸಂಹಿತೆ ಕಪಾಟಿನಲ್ಲೇ ಇತ್ತು. ಸರ್ಕಾರ ಬರ ಎಂದು ಘೋಷಣೆಯನ್ನೇ ಮಾಡಲಿಲ್ಲ, ಹಾಗಾಗಿ ಅದು ಜಾರಿಗೇ ಬರಲಿಲ್ಲ. ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆ ಆ ಆಗಸ್ಟಿನಲ್ಲಿ ಬೀದಿಯ ಹೆಣಗಳ ಚಿತ್ರ ಅಚ್ಚು ಹಾಕಿದ ಮೇಲೆ ಹೊರಗಿನ ಜಗತ್ತಿಗೆ ವಿಷಯ ಮುಟ್ಟಿತು.

ಸ್ವಾತಂತ್ರ್ಯ ಬಂದಮೇಲೂ ಮಳೆ ಕೈಕೊಡುವುದು ತಪ್ಪಲಿಲ್ಲ. 1966–67ರಲ್ಲಿ ಬಿಹಾರ, 1972–73ರಲ್ಲಿ ಮಹಾರಾಷ್ಟ್ರ, ನಮ್ಮ ರಾಜ್ಯದಲ್ಲಂತೂ ಎಷ್ಟೋ ಸಲ. ಕಷ್ಟ ಪಟ್ಟರು, ಗುಳೆ ಹೋದರು, ದನ ಮಾರಿದರು. ಆದರೆ 1877ರ ಹಾಗೆ, 1943ರ ಹಾಗೆ ಲಕ್ಷಗಟ್ಟಲೆ ಸಾವು ಮತ್ತೆ ಆಗಲಿಲ್ಲ. ಅಮರ್ತ್ಯ ಸೇನ್ ಇದಕ್ಕೆ ಕೊಡುವ ಕಾರಣ ಎಲ್ಲರಿಗೂ ಗೊತ್ತಿರುವುದೇ: ಪತ್ರಿಕೆ ಬರೆಯುತ್ತದೆ, ವಿರೋಧ ಪಕ್ಷ ಕೂಗುತ್ತದೆ, ಐದು ವರ್ಷಕ್ಕೆ ಓಟು ಕೇಳಲು ಹೋಗಬೇಕು. ಅದರ ಜೊತೆಗೆ ರೇಷನ್ ಅಂಗಡಿ, ಬರಗಾಲದ ಕಾಮಗಾರಿ, ಗೋದಾಮಿನ ದಾಸ್ತಾನು ಸೇರಿಸಿ. 2001ರಲ್ಲಿ ಗೋದಾಮು ತುಂಬಿ ತುಳುಕುತ್ತಿದ್ದಾಗಲೇ ಹಳ್ಳಿಗಳಲ್ಲಿ ಹಸಿವಿತ್ತು. ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಆ ನವೆಂಬರಿನಲ್ಲಿ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದಿತು. ನಿಮ್ಮ ಶಾಲೆಯ ಅಕ್ಷರ ದಾಸೋಹದ ಅಡುಗೆಮನೆಯ ಹಿಂದೆ ಇಷ್ಟು ಕತೆ ಇದೆ, ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಸಾಲಲ್ಲಿ ನಿಂತಾಗ ಒಮ್ಮೆ ನೆನೆಸಿಕೊಳ್ಳಿ.

ಇಲ್ಲೂ ಕೆಲಸ ಮುಗಿದಿಲ್ಲ. ಬರದ ಸಾವು ನಿಂತಿತು, ಅಪೌಷ್ಟಿಕತೆ ನಿಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬೀದಿಯಲ್ಲಿ ಬಿದ್ದ ಹೆಣ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಗಿಡ್ಡವಾಗಿ ಉಳಿದ ಮಗು ಸುದ್ದಿಯಾಗುವುದಿಲ್ಲ. ಯಾವುದಕ್ಕೆ ಕೂಗುವವರಿದ್ದಾರೋ ಅದು ಸುಧಾರಿಸಿದೆ. ಇದನ್ನು ಗುರಿಯ ಸಿದ್ಧಾಂತ ವಿವರಿಸಲಾರದು, ಆದರೆ ಬರದ ಕತೆ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇ ಇಲ್ಲ.

ಇಷ್ಟೆಲ್ಲ ಇದ್ದರೂ ನಮಗೆ ಇತಿಹಾಸ ಮೆಟ್ಟಿಲಿನ ಹಾಗೆ ಯಾಕೆ ಕಾಣುತ್ತದೆ? ಒಂದು ಕಾರಣ, ನಾವು ನಿಂತ ಜಾಗದಿಂದ ಹಿಂದಕ್ಕೆ ನೋಡುತ್ತೇವೆ. ಉಳಿದ ದಾರಿ ಮಾತ್ರ ಕಾಣುತ್ತದೆ, ಮುಚ್ಚಿಹೋದ ದಾರಿಗಳು ಕಾಣುವುದಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿ ಮೀರಿ ಮದುವೆ ಮಾಡಿಸಿದರು, ಅದಕ್ಕೆ ಹರಳಯ್ಯ, ಮಧುವರಸರು ಜೀವ ತೆತ್ತರು. ಎಂಟು ಶತಮಾನ ಆದಮೇಲೂ ಅಂಥದೇ ಮದುವೆಗೆ ನಮ್ಮ ಊರುಗಳಲ್ಲಿ ಕೊಲೆ ನಡೆಯುತ್ತದೆ. ಕಾಲ ತಾನೇ ಮುಂದಕ್ಕೆ ಒಯ್ಯುವುದಾಗಿದ್ದರೆ ಈ ವಿಷಯ ಯಾವತ್ತೋ ಬಗೆಹರಿದಿರಬೇಕಿತ್ತು ಅಲ್ವಾ? ಇನ್ನೊಂದು ಕಾರಣ, ತಂತ್ರಜ್ಞಾನ ನಿಜವಾಗಿಯೂ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಫೋನು ಪ್ರತಿವರ್ಷ ಹೊಸದಾಗುವುದು ನೋಡಿ ಮನುಷ್ಯರೂ ಹಾಗೇ ಅಂದುಕೊಳ್ಳುತ್ತೇವೆ. ನ್ಯಾಯ, ಕರುಣೆ, ಹಕ್ಕು ಹಾಗೆ ಕೂಡುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಮೊದಲಿಂದ ಕಲಿಯಬೇಕು. ಅಫ್ಘಾನಿಸ್ತಾನದಲ್ಲಿ 2021ರ ತನಕ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರಿಗೆ ಆ ಬಾಗಿಲು ಒಂದೇ ಬೇಸಿಗೆಯಲ್ಲಿ ಮುಚ್ಚಿತು. ಅವರ ಕೈಯಲ್ಲಿ ಹೊಸ ಫೋನು ಇದ್ದಿರಬಹುದು.

ಹಾಗಾದರೆ ಏನು ನಂಬಿಕೊಂಡು ಬದುಕಬೇಕು ಅಂತ ಕೇಳುತ್ತೀರಿ. ಒಂದೊಂದಕ್ಕೂ ಅದರದೇ ಅಪಾಯ ಇದೆ, ಅದನ್ನು ತಿಳಿದು ಆರಿಸಿಕೊಳ್ಳಿ.

ಗುರಿ ಇದೆ ಎಂದು ನಂಬಿದರೆ ಧೈರ್ಯ ಬರುತ್ತದೆ, ಸುಳ್ಳಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರಲ್ಲಿ ಎಷ್ಟೋ ಜನರಿಗೆ ಆ ನಂಬಿಕೆ ಬಲ ಕೊಟ್ಟಿದೆ. ಅಪಾಯ ಆಗಲೇ ಹೇಳಿದೆ: ಅಧಿಕಾರ ಕೈಗೆ ಬಂದಾಗ ಆ ನಂಬಿಕೆ ಬೇರೆಯವರ ಪ್ರಾಣವನ್ನು ಲೆಕ್ಕಕ್ಕೆ ಇಡುವುದಿಲ್ಲ. ಅಧಿಕಾರ ಇಲ್ಲದಿರುವಾಗಲೂ ಒಂದು ತೊಂದರೆ ಇದೆ, ಹೇಗೂ ಆಗಿಯೇ ಆಗುತ್ತದೆ ಎಂದು ಕೂತುಬಿಡಬಹುದು. ಕಲಿಗಾಲ ಎಂದು ನಂಬಿದರೆ ಗರ್ವ ಇಳಿಯುತ್ತದೆ, ಕಳೆದುಹೋದದ್ದರ ಬಗ್ಗೆ ಮಮತೆ ಇರುತ್ತದೆ. ಅಪಾಯ ಏನೆಂದರೆ ಕೆಟ್ಟದ್ದು ಕಂಡಾಗ 'ಇದು ಹೀಗೇ' ಅಂದುಬಿಡುತ್ತೇವೆ. ಯಾವುದಕ್ಕೂ ಅರ್ಥ ಇಲ್ಲ ಅನ್ನುವ ನಿಮ್ಮ ತಮ್ಮನ ನಿಲುವು ಬುದ್ಧಿವಂತಿಕೆ ಎಂದು ಕಾಣುತ್ತದೆ, ಮತ್ತು ಮೋಸ ಹೋಗದಂತೆ ಅದು ಕಾಯುತ್ತದೆ ಕೂಡ. ಆದರೆ ಸಿಡುಬು ಹೋದದ್ದೂ ಇರುವುದೂ ಒಂದೇ ಅನ್ನಬೇಕಾಗುತ್ತದೆ. ಮಗು ಕಳೆದುಕೊಂಡ ತಾಯಿಯ ಎದುರು ನಿಂತು ಆ ಮಾತು ಹೇಳಲು ಯಾರಿಂದಲೂ ಆಗುವುದಿಲ್ಲ. ಅವನನ್ನು ಬೈಯಬೇಡಿ, ಈ ವಯಸ್ಸಿನಲ್ಲಿ ಕೆಲಸ ಸಿಗದೆ ಇರುವ ಹುಡುಗರು ಹಾಗೆ ಮಾತಾಡುವುದನ್ನು ನಾನು ತುಂಬಾ ನೋಡಿದ್ದೇನೆ. ಸಿದ್ಧಾಂತಕ್ಕಿಂತ ದಣಿವು ಜಾಸ್ತಿ ಇರುತ್ತದೆ ಅದರಲ್ಲಿ.

ನನ್ನದು ನಾಲ್ಕನೆಯದು. ಸುಧಾರಣೆಯನ್ನು ಕೆರೆಯ ಹಾಗೆ ನೋಡುತ್ತೇನೆ. ಯಾರೋ ಕಟ್ಟಿರುತ್ತಾರೆ, ಎಲ್ಲರೂ ಕುಡಿಯುತ್ತೇವೆ, ಹೂಳೆತ್ತುವುದು ಬಿಟ್ಟರೆ ಕೆಲವೇ ವರ್ಷದಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ "ಜಗತ್ತು ಮುಂದೆ ಹೋಗುತ್ತಿದೆಯಾ" ಎಂದು ಒಟ್ಟಾಗಿ ಕೇಳುವುದನ್ನು ಬಿಟ್ಟಿದ್ದೇನೆ. ಯಾವ ವಿಷಯದಲ್ಲಿ, ಯಾರಿಗೆ, ಯಾರ ಖರ್ಚಿನಲ್ಲಿ, ಈಗ ಅದನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. ಈ ನಿಲುವಿನಲ್ಲೂ ಅಪಾಯ ಇದೆ. ಜೈಕಾರ ಹಾಕಲು ಇದರಲ್ಲಿ ಏನೂ ಇಲ್ಲ, ಜನರನ್ನು ಒಟ್ಟುಗೂಡಿಸುವುದು ಕಷ್ಟ. ಸಣ್ಣ ಸಣ್ಣ ರಿಪೇರಿಯಲ್ಲೇ ಮುಳುಗಿ, ಬುಡದಿಂದಲೇ ಬದಲಾಗಬೇಕಾದದ್ದನ್ನು ಮರೆಯುವ ಸಾಧ್ಯತೆಯೂ ಇದೆ.

ಈಗ ನಿಮ್ಮ ಹುಡುಗಿಯ ವಿಷಯ. ನೀವು ತಪ್ಪಿಸಿದ ಆ ಮದುವೆಯ ಹಿಂದೆಯೂ ಒಂದು ಇತಿಹಾಸ ಇದೆ. 1890ರಲ್ಲಿ ಬಂಗಾಳದಲ್ಲಿ ಫುಲ್ಮಣಿ ದಾಸಿ ಅನ್ನುವ ಹತ್ತು ಹನ್ನೊಂದು ವರ್ಷದ ಮಗು, ಮೂವತ್ತು ದಾಟಿದ ಗಂಡನ ಬಲಾತ್ಕಾರದಿಂದ ಸತ್ತಳು. ಮರುವರ್ಷ ಒಪ್ಪಿಗೆಯ ವಯಸ್ಸನ್ನು, ಅಂದರೆ ದೈಹಿಕ ಸಂಬಂಧಕ್ಕೆ ಹುಡುಗಿಯ ಒಪ್ಪಿಗೆ ಕಾನೂನಿನಲ್ಲಿ ಲೆಕ್ಕಕ್ಕೆ ಬರುವ ವಯಸ್ಸನ್ನು, ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯ್ದೆ ಬಂತು. ದೊಡ್ಡ ದೊಡ್ಡ ನಾಯಕರೇ ಅದನ್ನು ವಿರೋಧಿಸಿದರು, ತಿಲಕರೂ ಅವರಲ್ಲೊಬ್ಬರು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷ! ಆಗ ಅದೇ ದೊಡ್ಡ ಹೆಜ್ಜೆ. 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಯ ಮದುವೆಗೆ ಕನಿಷ್ಠ ವಯಸ್ಸು ಹದಿನಾಲ್ಕು, 1978ರಲ್ಲಿ ಹದಿನೆಂಟು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. 1951ರಲ್ಲಿ ದೇಶದ ನೂರು ಹೆಂಗಸರಲ್ಲಿ ಒಂಬತ್ತು ಜನಕ್ಕೆ ಅಕ್ಷರ ಬರುತ್ತಿತ್ತು. 2011ರಲ್ಲಿ ಸುಮಾರು 65.

ಕಾಗದದ ಮೇಲೆ ಇದು ಸೊಗಸಾದ ಮೆಟ್ಟಿಲಿನ ಹಾಗೆ ಕಾಣುತ್ತದೆ. ಆದರೆ ಅದೇ 2019–21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು. ಕಾಯ್ದೆ ಇದ್ದೂ ಹೀಗೆ. 1943ರಲ್ಲಿ ಕ್ಷಾಮ ಸಂಹಿತೆಗೆ ಆದ ಹಾಗೆಯೇ, ಯಾರಾದರೂ ಹೋಗಿ ಜಾರಿ ಮಾಡಿಸದಿದ್ದರೆ ಕಾಯ್ದೆ ಕಪಾಟಿನಲ್ಲೇ ಇರುತ್ತದೆ. ಹೋದ ವರ್ಷ ಆ ಕಾಯ್ದೆಯನ್ನು ಕಪಾಟಿನಿಂದ ಇಳಿಸಿದವರು ನೀವು. ಇತಿಹಾಸಕ್ಕೆ ಗುರಿ ಇದ್ದಿದ್ದರೆ ನೀವು ಹೋಗದಿದ್ದರೂ ನಡೆಯುತ್ತಿತ್ತು. ಗುರಿ ಇಲ್ಲದ್ದರಿಂದಲೇ ನೀವು ಹೋದದ್ದಕ್ಕೆ ಇಷ್ಟು ಬೆಲೆ. ಆ ಹುಡುಗಿ ಪರೀಕ್ಷೆ ಬರೆದದ್ದು ಅವಳ ಬದುಕಿನಲ್ಲಿ ಪೂರ್ತಿ ನಿಜ. ಮುಂದೆ ಜಗತ್ತು ಹೇಗೇ ಆದರೂ ಅದು ಆಗಲಿಲ್ಲ ಅನ್ನಲು ಬರುವುದಿಲ್ಲ.

ಈ ವರ್ಷ ಬಾರದ ಹುಡುಗಿಯ ಬಗ್ಗೆ ಒಬ್ಬರೇ ಹೊತ್ತುಕೊಳ್ಳಬೇಡಿ. ಮುಖ್ಯೋಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ಪಿಡಿಒ, ಮೂವರಿಗೂ ವಿಷಯ ಮುಟ್ಟಿಸಿ. ಮದುವೆಯ ಮಾತು ನಡೆದಿದೆ ಅನ್ನಿಸಿದರೆ 1098ಕ್ಕೆ ಫೋನ್ ಮಾಡಿ, ಹೆಸರು ಗುಟ್ಟಾಗಿಡಿ ಎಂದು ಕೇಳಿ. ಅತಿಥಿ ಶಿಕ್ಷಕಿ ಒಬ್ಬಳೇ ಊರನ್ನು ಎದುರು ಹಾಕಿಕೊಂಡು ನಿಲ್ಲುವುದು ಕಷ್ಟ, ಬಹಳ ದಿನ ನಡೆಯುವುದೂ ಇಲ್ಲ.

ಪರೀಕ್ಷೆಯ ಮಾತು ಉಳಿಯಿತು. ಪ್ರಗತಿಯೇ ಅಥವಾ ಅವನತಿಯೇ ಎಂದು ಕೇಳಿದರೆ ಒಂದು ಕಡೆ ವಾಲಿ ಬರೆಯಬೇಡಿ, ಎರಡೂ ಹೌದು ಎಂದು ನಡುವೆ ಜಾರಿಕೊಳ್ಳಲೂ ಬೇಡಿ. ಸುಧಾರಣೆ ಆಗಿದೆ, ಅದು ಪೂರ್ವನಿಶ್ಚಿತ ಅಲ್ಲ ಎಂದು ಮೊದಲ ಪ್ಯಾರಾದಲ್ಲೇ ಸ್ಪಷ್ಟವಾಗಿ ಹೇಳಿ. ಆಮೇಲೆ ಒಂದೇ ವಿಷಯ ತೆಗೆದುಕೊಂಡು ಇಸವಿ, ಊರು, ಅಂಕಿಯ ಸಮೇತ ಉದ್ದಕ್ಕೂ ನಡೆಸಿ. ಬರ ತೆಗೆದುಕೊಂಡರೆ 1874ರ ಬಿಹಾರ, 1877ರ ಮೈಸೂರು, 1943ರ ಬಂಗಾಳ ಮೂರನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ವಾದ ಅದರಲ್ಲೇ ಇದೆ. ಹೆಗೆಲ್ ಹೆಸರು ಒಂದು ಸಾಲಿಗಿಂತ ಜಾಸ್ತಿ ಬೇಡ.